ಪಾಂಡವಪುರದ ಎಸಿ ಆಫೀಸಿಗೆ ಸಿಕ್ಕ 90 ದಿನ

2019ರ ಜುಲೈ 23ರ ಸಂಜೆ ನೀವೂ ಟಿವಿ ಮುಂದೆ ಕೂತಿದ್ದಿರಬಹುದು. ವಿಧಾನಸಭೆಯಲ್ಲಿ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ಬಿದ್ದುಹೋಯಿತು. ಪರ 99, ವಿರುದ್ಧ 105. ರಾಜೀನಾಮೆ ಕೊಟ್ಟು ಸದನಕ್ಕೆ ಬಾರದೆ ಉಳಿದವರಲ್ಲಿ ನಮ್ಮ ಕೆ.ಆರ್. ಪೇಟೆ ಶಾಸಕ ನಾರಾಯಣಗೌಡರೂ ಒಬ್ಬರು. ಮೂರು ದಿನ ಬಿಟ್ಟು ಮುಖ್ಯಮಂತ್ರಿಯಾದ ಯಡಿಯೂರಪ್ಪನವರು ಹುಟ್ಟಿದ್ದು ಅದೇ ತಾಲ್ಲೂಕಿನ ಬೂಕನಕೆರೆಯಲ್ಲಿ. ಇನ್ನು ಟೀ ಅಂಗಡಿಗಳಲ್ಲಿ ಬೇರೆ ಮಾತು ಎಲ್ಲಿಂದ ಬರಬೇಕು?

ಆ ಗದ್ದಲದಲ್ಲಿ ಇನ್ನೊಂದು ಸುದ್ದಿ ಮುಳುಗಿಹೋಯಿತು. ಸರ್ಕಾರ ಬಿದ್ದ ಅದೇ ದಿನ ಕರ್ನಾಟಕ ಋಣ ಪರಿಹಾರ ಕಾಯ್ದೆ ಜಾರಿಗೆ ಬಂದಿತ್ತು. ಬ್ಯಾಂಕಿನ ಸಾಲಮನ್ನಾ ಅಲ್ಲ ಇದು. ಬಡ್ಡಿ ಸಾಹುಕಾರ, ಗಿರವಿ ಅಂಗಡಿ, ಕೈಸಾಲ, ಇವುಗಳ ಲೆಕ್ಕ. ಸಣ್ಣ ರೈತರು, ಭೂಮಿ ಇಲ್ಲದ ಕೂಲಿಗಳು, ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರದ ಆದಾಯದ ಬಡವರು, ಇವರು ಖಾಸಗಿಯವರಿಗೆ ಕೊಡಬೇಕಾದ ಸಾಲವೆಲ್ಲ ಒಂದೇ ಏಟಿಗೆ ರದ್ದು. 90 ದಿನದೊಳಗೆ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬೇಕು, ಅಷ್ಟೇ.

ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕಿಗೆ ಒಬ್ಬರೇ ಉಪವಿಭಾಗಾಧಿಕಾರಿ. ಆಫೀಸು ಪಾಂಡವಪುರದಲ್ಲಿ. ಅಂದರೆ ನಾಗಮಂಗಲದ ಆಚೆ ಕೊನೆ ಹಳ್ಳಿಯ ಎಳನೀರು ವ್ಯಾಪಾರಿಯೂ, ಶ್ರೀರಂಗಪಟ್ಟಣದ ಕೋಟೆ ಮುಂದೆ ಸೌತೆಕಾಯಿ ಮಾರುವವಳೂ ಒಂದು ದಿನದ ವ್ಯಾಪಾರ ಬಿಟ್ಟು, ಬಸ್ ಹತ್ತಿ ಅಲ್ಲಿಗೇ ಬರಬೇಕು. ಬಂದಮೇಲೆ ಏನು ತೋರಿಸಬೇಕು? ಸಾಲದ ದಾಖಲೆ. ಕೈಸಾಲಕ್ಕೆ ದಾಖಲೆ ಎಲ್ಲಿಂದ ತರ್ತೀರಿ? ಸಹಿ ಹಾಕಿದ ಖಾಲಿ ಚೆಕ್ಕು, ಬಾಂಡ್ ಪೇಪರು ಇರೋದೇ ಸಾಲ ಕೊಟ್ಟವನ ಬೀರುವಿನಲ್ಲಿ. ಗಿರವಿ ಅಂಗಡಿಯ ಚೀಟಿ ಇದ್ದವರು ಪರವಾಗಿಲ್ಲ. ಆದರೆ ಗಿರವಿ ವ್ಯಾಪಾರಿಗಳು ಆ ಹೊತ್ತಿಗೆ ಹೈಕೋರ್ಟ್ ಮೆಟ್ಟಿಲೇರಿದ್ದರು.

ಇತ್ತ ಕಾನೂನು ತಂದ ಸರ್ಕಾರವೇ ಇಲ್ಲ. ಹೊಸ ಮುಖ್ಯಮಂತ್ರಿಗೆ ಆಗಸ್ಟ್ 20ರವರೆಗೆ ಒಬ್ಬ ಮಂತ್ರಿಯೂ ಇರಲಿಲ್ಲ. ನಡುವೆ ಉತ್ತರ ಕರ್ನಾಟಕ, ಕೊಡಗು, ಮಲೆನಾಡಿನಲ್ಲಿ ನೆರೆ. 90 ದಿನದಲ್ಲಿ ಸುಮಾರು ಮೂರನೇ ಒಂದು ಭಾಗ ಹೀಗೇ ಕಳೆದುಹೋಯಿತು.

ಈ ತರದ ಕಾನೂನು ಹೊಸದೇನಲ್ಲ. 1975ರ ಜುಲೈ 1ರಂದು, ತುರ್ತುಪರಿಸ್ಥಿತಿ ಬಂದ ವಾರದೊಳಗೆ, ಇಂದಿರಾ ಗಾಂಧಿ 20 ಅಂಶಗಳ ಕಾರ್ಯಕ್ರಮ ಘೋಷಿಸಿದರು. ಹಳ್ಳಿಯ ಸಾಲ ತೀರಿಸುವುದು ಅದರಲ್ಲೊಂದು. ದೇವರಾಜ ಅರಸು ಸರ್ಕಾರ ಮೊದಲು ಸುಗ್ರೀವಾಜ್ಞೆ ತಂದು, 1976ರಲ್ಲಿ ಅದನ್ನೇ ಕಾಯ್ದೆ ಮಾಡಿತು. ಆಗಿನ ಆದಾಯದ ಮಿತಿ ವರ್ಷಕ್ಕೆ 2,400 ರೂಪಾಯಿ. ಅಡವಿಟ್ಟ ಒಡವೆ, ಪಾತ್ರೆ ವಾಪಸ್ ಕೊಡಬೇಕು ಅಂತಲೂ ಇತ್ತು. ಮಹಾರಾಷ್ಟ್ರದ ಇಂಥದ್ದೇ ಕಾಯ್ದೆ ಸುಪ್ರೀಂ ಕೋರ್ಟಿಗೆ ಹೋದಾಗ, 1977ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಬಡವರ ಹಳೇ ಸಾಲ ಅಳಿಸಿಹಾಕುವ ಅಧಿಕಾರ ವಿಧಾನಸಭೆಗಿದೆಯಾ ಅನ್ನೋ ಪ್ರಶ್ನೆ ಅವತ್ತೇ ಬಗೆಹರಿಯಿತು. ಮುಂದಿನ ಸಾಲ ಯಾರು ಕೊಡ್ತಾರೆ ಅನ್ನೋದು ಮಾತ್ರ ಬಗೆಹರಿಯಲೇ ಇಲ್ಲ.

ಮುಂದಿನ ಸಾಲ ಅಂದರೆ ನಾಳೆ ಬೆಳಗಿನ ಜಾವದ ಸಾಲ. ತರಕಾರಿ ಮಾರ್ಕೆಟ್ಟಿನಲ್ಲಿ ಮೀಟರ್ ಬಡ್ಡಿಯವನು ನಸುಕಿನಲ್ಲಿ 900 ರೂಪಾಯಿ ಕೈಗಿಡುತ್ತಾನೆ, ಸಂಜೆಗೆ 1,000 ವಾಪಸ್. ಮಾರನೇ ದಿನ ಮತ್ತೆ ಅದೇ. ವರ್ಷಕ್ಕೆ 300 ದಿನ ವ್ಯಾಪಾರ ಅಂತಿಟ್ಟುಕೊಳ್ಳಿ, 900 ರೂಪಾಯಿ ಬಂಡವಾಳಕ್ಕೆ ಬಡ್ಡಿಯೇ 30,000. ನಮ್ಮ ಲೇವಾದೇವಿ ಕಾಯ್ದೆ ಪ್ರಕಾರ ಅಡಮಾನ ಇಲ್ಲದ ಸಾಲಕ್ಕೆ ಬಡ್ಡಿ ಶೇ 16 ಮೀರಬಾರದು. ಅದೇ 900ಕ್ಕೆ ವರ್ಷಕ್ಕೆ 144 ರೂಪಾಯಿ! ಕ್ರೆಡಿಟ್ ಕಾರ್ಡಿನ ತಿಂಗಳ ಮೂರೂವರೆ ಪರ್ಸೆಂಟಿಗೇ ಹೌಹಾರುವ ನಾವು ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು. 2004ರಲ್ಲಿ ವಿಪರೀತ ಬಡ್ಡಿ ನಿಷೇಧಕ್ಕೆ ಅಂತಲೇ ಇನ್ನೊಂದು ಕಾಯ್ದೆ ಬಂತು. ಮೀಟರ್ ಓಡ್ತಾನೇ ಇದೆ.

2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ನಂಜನಗೂಡು, ಚಾಮರಾಜನಗರ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಸಿದ್ದರಾಮಯ್ಯ ಸರ್ಕಾರ ಸುಗ್ರೀವಾಜ್ಞೆ ಬರೆಯಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಶಿಕ್ಷೆ ಜಾಸ್ತಿಯಾಯಿತು ಎಂದು ಫೆಬ್ರುವರಿ 7ರಂದು ರಾಜ್ಯಪಾಲರು ವಾಪಸ್ ಕಳಿಸಿದರು, 12ರಂದು ಸಹಿ ಹಾಕಿದರು. ಮಾರ್ಚ್ ಅಧಿವೇಶನದಲ್ಲಿ ಅದು ಮಸೂದೆಯಾಗಿ ಪಾಸಾಯಿತು.

ಕೂಗಾಡಿದ್ದೆಲ್ಲ ಶಿಕ್ಷೆಯ ಬಗ್ಗೆ. ನನಗೆ ಕಂಡ ಮುಖ್ಯ ಸಾಲು ಬೇರೆ: ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳಿಗೆ ಇದು ಅನ್ವಯಿಸಲ್ಲ. ಇದು ರಾಜ್ಯದ ಸೋಮಾರಿತನ ಅಲ್ಲ. ಸಂವಿಧಾನದಲ್ಲಿ ಲೇವಾದೇವಿ ರಾಜ್ಯದ ಪಟ್ಟಿಯಲ್ಲಿದೆ, ಬ್ಯಾಂಕಿಂಗ್ ಕೇಂದ್ರದ ಪಟ್ಟಿಯಲ್ಲಿ. ನೋಂದಾಯಿತ ಫೈನಾನ್ಸ್ ಕಂಪನಿಗಳಿಗೆ ರಾಜ್ಯದ ಲೇವಾದೇವಿ ಕಾಯ್ದೆ ಲಾಗೂ ಆಗಲ್ಲ ಅಂತ 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೇರಳದ ಕೇಸಿನಲ್ಲಿ ಹೇಳಿಬಿಟ್ಟಿದೆ. ಅದಕ್ಕೆ ಒಂದೇ ತಿಂಗಳು ಮೊದಲು ರಿಸರ್ವ್ ಬ್ಯಾಂಕು ಮೈಕ್ರೋಫೈನಾನ್ಸ್ ಬಡ್ಡಿಯ ಮೇಲಿದ್ದ ಮಿತಿಯನ್ನು ತೆಗೆದಿತ್ತು. ಹಾಗಾಗಿ ಬೆಂಗಳೂರಿನಲ್ಲಿ ಶಾಸಕರು ಕೈ ಎತ್ತಿದರೂ, ಸಂಘದ ಸಾಲ ಕಟ್ಟುವ ಕೆ.ಆರ್. ಪೇಟೆಯ ಹೆಣ್ಣುಮಗಳ ಬಡ್ಡಿ ನಿರ್ಧಾರವಾಗೋದು ಮುಂಬೈನಲ್ಲಿ.

ಅಮೆರಿಕದಲ್ಲಿ ಜಗಳ ಇನ್ನೊಂದು ತರ. ಸಾಲ ಕೇಳಿದ ಸಣ್ಣ ವ್ಯಾಪಾರಿಗಳು ಯಾರು, ಯಾರಿಗೆ ಇಲ್ಲ ಅಂದಿರಿ, ಲೆಕ್ಕ ಕೊಡಿ ಅಂತ ಬ್ಯಾಂಕುಗಳನ್ನು ಕೇಳುವ ನಿಯಮ ಅದು. 2023ರಲ್ಲಿ ಅಲ್ಲಿನ ಸಂಸತ್ತಿನ ಎರಡೂ ಸದನಗಳು ಅದನ್ನು ರದ್ದು ಮಾಡಲು ಮತ ಹಾಕಿದವು, ಅಧ್ಯಕ್ಷ ಬೈಡನ್ ವೀಟೊ ಮಾಡಿ ಉಳಿಸಿದರು. ನಮ್ಮ 1976, 2004, 2018, 2025ರ ಕಾಯ್ದೆಗಳೆಲ್ಲ ಸಾಲ ಸಿಕ್ಕವರ ಬಗ್ಗೆ. ಬ್ಯಾಂಕಿನ ಬಾಗಿಲಿಂದ ವಾಪಸ್ ಬಂದು ಮೀಟರ್ ಬಡ್ಡಿಯವನ ಹತ್ತಿರ ಹೋದವರನ್ನು ಯಾವುದೂ ಎಣಿಸಿಲ್ಲ.

ಆ ಬಾಗಿಲ ಹತ್ತಿರ ಹೋದದ್ದು ಒಂದು ಸಣ್ಣ ಯೋಜನೆ. ಕುಮಾರಸ್ವಾಮಿಯವರೇ 2018ರ ನವೆಂಬರಿನಲ್ಲಿ ಶುರುಮಾಡಿದ ಬಡವರ ಬಂಧು. ಸಹಕಾರಿ ಬ್ಯಾಂಕುಗಳ ಮೂಲಕ ಬೀದಿಬದಿ ವ್ಯಾಪಾರಿಗೆ 10,000 ರೂಪಾಯಿವರೆಗೆ, ಬಡ್ಡಿ ಇಲ್ಲದೆ. 2020ರ ಜೂನ್‌ನಲ್ಲಿ ಕೇಂದ್ರದ ಸ್ವನಿಧಿ ಬಂತು, ಅದರಲ್ಲೂ ಆಗ ಮೊದಲ ಕಂತು 10,000ವೇ ಇತ್ತು. ಎರಡೂ ರೂಪುಗೊಂಡಿದ್ದು ಪಟ್ಟಣದ ತಳ್ಳುಗಾಡಿಯನ್ನು ಕಣ್ಣ ಮುಂದಿಟ್ಟುಕೊಂಡು. ಹೋಬಳಿ ಸಂತೆಯಲ್ಲಿ ಗೋಣಿಚೀಲ ಹಾಸಿ ಸೊಪ್ಪು ಮಾರುವವಳು ಇವತ್ತಿಗೂ ನಸುಕಿನಲ್ಲಿ ಆ 900ಕ್ಕೇ ಕೈಚಾಚುತ್ತಾಳೆ.