ನಸ್ರೀನ್ ಎಳೆದ ಗೆರೆಗಳು

ಗೆರೆ ಅಂದ ಕೂಡಲೇ ನಮಗೆ ನೆನಪಾಗೋದು ಕೆ.ಕೆ. ಹೆಬ್ಬಾರ್ (1911–1996). ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬೊಂಬಾಯಿಗೆ ಹೋದ ಅವರು ನಾಲ್ಕೇ ಗೆರೆಗಳಲ್ಲಿ ನರ್ತಕಿಯನ್ನು ಕುಣಿಸಿಬಿಡುತ್ತಿದ್ದರು. ಅದೇ ಬೊಂಬಾಯಿಯಲ್ಲಿ ಬೆಳೆದ ಇನ್ನೊಬ್ಬರು ಮನುಷ್ಯ, ಮರ, ಮನೆ ಎಲ್ಲವನ್ನೂ ಬಿಟ್ಟು ಬರೀ ಗೆರೆಯನ್ನೇ ಉಳಿಸಿಕೊಂಡರು. ಅವರೇ ನಸ್ರೀನ್ ಮೊಹಮದಿ.

ಹುಟ್ಟಿದ್ದು 1937ರಲ್ಲಿ, ಕರಾಚಿಯಲ್ಲಿ. 1954ರಿಂದ 1957ರವರೆಗೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಶಾಲೆಯಲ್ಲಿ ಕಲಿತರು, ಆಮೇಲೆ ಕೆಲಕಾಲ ಪ್ಯಾರಿಸ್‌ನಲ್ಲಿದ್ದರು. 1972ರಿಂದ ಬರೋಡದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಅಲ್ಲಿ ಭೂಪೇನ್ ಖಖ್ಖರ್, ಗುಲಾಮ್ ಮೊಹಮ್ಮದ್ ಶೇಖ್ ಅವರಂಥವರು ಬಣ್ಣಬಣ್ಣದ, ಕಥೆ ಹೇಳುವ ಚಿತ್ರಗಳನ್ನು ಬರೆಯುತ್ತಿದ್ದ ಕಾಲ ಅದು. ನಸ್ರೀನ್ ಮಾತ್ರ ಕಾಗದ, ಪೆನ್ಸಿಲು, ಇಂಕು ಹಿಡಿದು ಕೂತರು. 60ರ ದಶಕದ ಚಿತ್ರಗಳಲ್ಲಿ ಗಿಡಮರಗಳ ಸುಳಿವಾದರೂ ಇತ್ತು. 70ರ ದಶಕದಲ್ಲಿ ಮಗ್ಗದ ಹಾಸು-ಹೊಕ್ಕಿನ ಹಾಗೆ ಗೆರೆಗಳ ಬಲೆ. 80ರ ದಶಕಕ್ಕೆ ಬಂದರೆ, ಖಾಲಿ ಹಾಳೆಯ ಮೇಲೆ ತೇಲುವ ಕೆಲವೇ ಓರೆಗೆರೆಗಳು.

ಅವರು ಬಳಸಿದ್ದು ನಮ್ಮ ಇಂಜಿನಿಯರಿಂಗ್ ಡ್ರಾಯಿಂಗಿನ ಸಲಕರಣೆಗಳನ್ನೇ! ಒಂಟಿಕೊಪ್ಪಲ್‌ನ ನಮ್ಮ ಮನೆ ಅಟ್ಟದಲ್ಲಿ ಅಪ್ಪನ ಡ್ರಾಫ್ಟರ್ ಇನ್ನೂ ಇದೆ. ನಾನು ಓದುವ ಹೊತ್ತಿಗೆ ಗೆರೆ ಅಂದ್ರೆ ಎರಡು ಬಿಂದು, ಒಂದು ಕ್ಲಿಕ್ ಅಂತಾಗಿತ್ತು. ನಸ್ರೀನ್ ಅವರ ಗೆರೆ ಹಾಗಲ್ಲ. ಒಂದು ಕಡೆ ದಟ್ಟ, ಸ್ವಲ್ಪ ಮುಂದೆ ತೆಳು, ಕೊನೆಗೆ ಇದೆಯೋ ಇಲ್ಲವೋ ಅನ್ನುವಷ್ಟು ನವಿರು...

ಇದನ್ನೆಲ್ಲ ಎಳೆದ ಕೈ ಎಂಥದ್ದು ಗೊತ್ತಾ? ನರಗಳ ಕಾಯಿಲೆಯೊಂದು ಅವರ ಕೈಕಾಲುಗಳ ಹಿಡಿತವನ್ನು ವರ್ಷದಿಂದ ವರ್ಷಕ್ಕೆ ಕಸಿದುಕೊಳ್ಳುತ್ತಿತ್ತು. ಆದರೂ ಗೆರೆ ಅಲುಗಲಿಲ್ಲ. 1990ರಲ್ಲಿ ಅಲಿಬಾಗ್ ಬಳಿಯ ಕಿಹಿಮ್‌ನಲ್ಲಿ ತೀರಿಕೊಂಡರು. ಹೆಚ್ಚಿನ ಚಿತ್ರಗಳಿಗೆ ಹೆಸರೂ ಇಟ್ಟಿಲ್ಲ, ತಾರೀಖೂ ಹಾಕಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನು ಕಲಾ ಇತಿಹಾಸಕಾರರು ಗೆರೆ ನೋಡಿಯೇ ಊಹಿಸಬೇಕು.

ಹೊರಗಿನವರು ಗುರುತಿಸಿದ್ದು ತಡವಾಗಿ. 2013ರಲ್ಲಿ ದೆಹಲಿಯ ಕಿರಣ್ ನಾಡಾರ್ ಮ್ಯೂಸಿಯಂನಲ್ಲಿ, 2015ರಲ್ಲಿ ಮ್ಯಾಡ್ರಿಡ್‌ನಲ್ಲಿ, 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್‌ನಲ್ಲಿ ದೊಡ್ಡ ಪ್ರದರ್ಶನಗಳಾದವು. ಅಮೆರಿಕದ ಆಗ್ನೆಸ್ ಮಾರ್ಟಿನ್ (1912–2004) ಜೊತೆ ಹೋಲಿಸಿ ಬರೆಯುವವರು ಈಗ ಬೇಕಾದಷ್ಟು ಮಂದಿ. ಇಬ್ಬರೂ ಗೆರೆ ಎಳೆದವರು ಅನ್ನೋದೇನೋ ನಿಜ. ಆದರೆ ಮಾರ್ಟಿನ್ ಹೆಚ್ಚಾಗಿ ದೊಡ್ಡ ಕ್ಯಾನ್ವಾಸ್ ಹಿಡಿದವರು, ನಮ್ಮವರು ಹೆಚ್ಚಾಗಿ ಮೇಜಿನ ಮೇಲಿನ ಹಾಳೆಯಲ್ಲೇ ಉಳಿದರು.

ಅಂದ ಹಾಗೆ, ಇವರ ಚಿತ್ರಗಳನ್ನು ನೆಟ್‌ನಲ್ಲಿ ಹುಡುಕಿ ನೋಡಿ. ಆದರೆ ಚಿಕ್ಕದು ಮಾಡಿ ನೋಡಬೇಡಿ, ಅರ್ಧ ಗೆರೆಗಳು ಮಾಯವಾಗಿಬಿಡುತ್ತವೆ :-) ಯಾರಾದರೂ ಮೂಲಚಿತ್ರ ನೋಡಿದ್ದರೆ ಹೇಗಿತ್ತು ಅಂತ ಹೇಳ್ತೀರಾ?