ಸ್ವಿಟ್ಸರ್ಲೆಂಡಿನ ಭಿತ್ತಿಪತ್ರಗಳು ಮತ್ತು ತಟಸ್ಥತೆಯ ಪ್ರಶ್ನೆ

ಎರಡನೆಯ ಮಹಾಯುದ್ಧದ ತರುವಾಯ ಸ್ವಿಟ್ಸರ್ಲೆಂಡಿನಲ್ಲಿ ಏಳಿಗೆ ಹೊಂದಿದ ಭಿತ್ತಿಪತ್ರಕಲೆಯನ್ನು ಆ ದೇಶದ ತಟಸ್ಥನೀತಿಯ ಪ್ರತಿಬಿಂಬವೆಂದು ವರ್ಣಿಸುವುದು ವಾಡಿಕೆಯಾಗಿದೆ. ಅಲಂಕಾರವನ್ನು ತೊರೆದ ಅಕ್ಷರ, ಅಳತೆಗೊಳಪಟ್ಟ ಚೌಕಳಿ, ಕುಂಚದ ಚಿತ್ರಕ್ಕೆ ಬದಲಾಗಿ ಛಾಯಾಚಿತ್ರ, ಇವುಗಳಲ್ಲಿ ರಾಗದ್ವೇಷಗಳಿಗೆ ಎಡೆಯಿಲ್ಲವೆಂಬುದು ಈ ವಾದದ ತಿರುಳು. ಇದನ್ನು ಹಾಗೆಯೇ ಅಂಗೀಕರಿಸಲು ನಾವು ಹಿಂಜರಿಯುತ್ತೇವೆ.

ಯಾನ್ ಚಿಖೋಲ್ಡನು 1928ರಲ್ಲಿ ಪ್ರಕಟಿಸಿದ ಗ್ರಂಥವು ನವ್ಯ ಮುದ್ರಣಕಲೆಗೆ ಶಾಸ್ತ್ರಪ್ರಾಯವಾಗಿದ್ದಿತು. 1933ರಲ್ಲಿ ನಾಟ್ಸಿಗಳು ಅವನನ್ನು ಮ್ಯೂನಿಕ್ಕಿನಲ್ಲಿ ಬಂಧಿಸಿದರು; ಬಿಡುಗಡೆಯಾದ ಮೇಲೆ ಅವನು ಬಾಸೆಲಿಗೆ ಬಂದು ನೆಲೆಸಿದನು. ಅಲ್ಲಿ ಅವನ ಮನಸ್ಸು ತಿರುಗಿತು. ಪಂಕ್ತಿಗಳನ್ನು ಪುಟದ ನಡುಗೆರೆಯ ಇಕ್ಕೆಲಗಳಲ್ಲಿ ಸಮನಾಗಿ ಜೋಡಿಸುವ ಹಳೆಯ ಪದ್ಧತಿಗೇ ಅವನು ಮರಳಿದನು. 1946ರಲ್ಲಿ ಜ್ಯೂರಿಕ್ಕಿನ ಮಾಕ್ಸ್ ಬಿಲ್ ಇದನ್ನು ಪ್ರಗತಿವಿರೋಧವೆಂದು ಖಂಡಿಸಿದನು. ಚಿಖೋಲ್ಡನ ಉತ್ತರ ತೀಕ್ಷ್ಣವಾಗಿದ್ದಿತು: ನವ್ಯರ ಅಸಹನೆ, ಎಲ್ಲವನ್ನೂ ಒಂದೇ ನಿಯಮಕ್ಕೆ ಕಟ್ಟುವ ಅವರ ಹಟ, ಇವು ಜರ್ಮನಿಯನ್ನು ಹಾಳುಮಾಡಿದ ಪ್ರವೃತ್ತಿಗೆ ಸಮೀಪವಾದವು! ಈ ಆರೋಪ ಅತಿಯಾಯಿತೆಂದು ನಮಗೆ ತೋರುತ್ತದೆ. ಬಿಲ್ ಕಲಿತಿದ್ದ ಬೌಹೌಸ್ ಶಾಲೆಯು ಅದೇ ನಾಟ್ಸಿಗಳ ಒತ್ತಡದಿಂದಲೇ 1933ರಲ್ಲಿ ಮುಚ್ಚಿತೆಂಬುದನ್ನು ಮರೆಯಲಾಗದು. ಆದರೂ, ಅಕ್ಷರಜೋಡಣೆಯು ರಾಜಕೀಯದಿಂದ ಹೊರತಲ್ಲವೆಂಬ ವಿಷಯದಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ಏಕಾಭಿಪ್ರಾಯದವರು.

ಆಚರಣೆಯಲ್ಲಿ ಗೆದ್ದುದು ನವ್ಯಪಂಥವೇ. 1957ರಲ್ಲಿ ಹಾಸ್ ಕಾರ್ಖಾನೆಯಿಂದ ಹೊರಬಂದ ಅಚ್ಚುಮೊಳೆಯು 1960ರಲ್ಲಿ ಹೆಲ್ವೆಟಿಕಾ ಎಂಬ ಹೆಸರು ಪಡೆಯಿತು. 1958ರಿಂದ 1965ರವರೆಗೆ 'ನೊಯೆ ಗ್ರಾಫಿಕ್' ಪತ್ರಿಕೆಯು ಮೂರು ಭಾಷೆಗಳಲ್ಲಿ ಈ ಪಂಥವನ್ನು ಸಾರಿತು. ಅದರ ಸಂಪಾದಕರಲ್ಲೊಬ್ಬನಾದ ಯೋಸೆಫ್ ಮ್ಯೂಲರ್-ಬ್ರೋಕ್ಮನ್ 1953ರಲ್ಲಿ ಸ್ವಿಸ್ ಆಟೊಮೊಬೈಲ್ ಕ್ಲಬ್ಬಿಗಾಗಿ ರಚಿಸಿದ ಭಿತ್ತಿಪತ್ರವನ್ನು ನೋಡಬೇಕು. ದೈತ್ಯಾಕಾರದ ಮೋಟಾರುಸೈಕಲ್ಲೊಂದು ಕಾಗದವನ್ನೆಲ್ಲ ಆಕ್ರಮಿಸಿದೆ. ಅದರೆದುರು ಓಡುತ್ತಿರುವ ಪುಟ್ಟ ಮಗು. ಮಗುವನ್ನು ರಕ್ಷಿಸಿರೆಂಬ ಒಂದು ಮಾತು ಮಾತ್ರ ಇದೆ. ಅಳತೆಯೆಲ್ಲ ಇಲ್ಲಿ ಭಯವನ್ನು ಹುಟ್ಟಿಸುವುದಕ್ಕಾಗಿಯೇ ದುಡಿದಿದೆ.

ಮಿತಭಾಷೆಯು ಇನ್ನೊಂದು ಕಾರ್ಯಕ್ಕೂ ಒದಗಿತು. ಆ 1946ರಲ್ಲಿಯೇ ಸ್ತ್ರೀಯರ ಮತಾಧಿಕಾರವನ್ನು ವಿರೋಧಿಸಿ ಬಾಸೆಲಿನ ಡೊನಾಲ್ಡ್ ಬ್ರುನ್ ಒಂದು ಭಿತ್ತಿಪತ್ರವನ್ನು ಬರೆದನು: ಶಿಶುವಿನ ಬಾಯಿಗಿಡುವ ರಬ್ಬರಿನ ತೊಟ್ಟು, ಅದರ ಮೇಲೆ ಕುಳಿತ ಒಂದು ನೊಣ. ಬ್ರುನ್ ಚೌಕಳಿಯ ಪಂಥದವನಲ್ಲ, ನಿಜ. ಆದರೆ ಒಂದೇ ವಸ್ತುವನ್ನು ಕಣ್ಣಿಗೆ ಕಟ್ಟುವಂತೆ ನಿಲ್ಲಿಸುವ ಸಂಯಮ ಅವನಲ್ಲಿಯೂ ಉಂಟು. ಬಾಸೆಲ್ ನಗರ ಪ್ರಾಂತ್ಯದ ಸ್ತ್ರೀಯರಿಗೆ ಮತಾಧಿಕಾರ ದೊರೆತುದು 1966ರಲ್ಲಿ. ಇಡೀ ಒಕ್ಕೂಟದ ಮಟ್ಟದಲ್ಲಿ 1971ರಲ್ಲಿ.