ಸಮುದಾಯ ಬಾನುಲಿ: ಕೇಳುವ ಹಳ್ಳಿಯೇ ಮಾತಾಡುವ ನಿಲಯ

ಏನಿದು?

ಒಂದು ಸಣ್ಣ ಪ್ರದೇಶದ ಜನರಿಗಾಗಿ, ಅವರದೇ ಭಾಷೆಯಲ್ಲಿ, ಅವರ ಪಾಲುದಾರಿಕೆಯಿಂದ ಲಾಭದ ಉದ್ದೇಶವಿಲ್ಲದೆ ನಡೆಯುವ ರೇಡಿಯೊ ನಿಲಯವೇ ಸಮುದಾಯ ಬಾನುಲಿ. ಕಮ್ಯುನಿಟಿ ರೇಡಿಯೊ ಎಂಬ ಹೆಸರೂ ಬಳಕೆಯಲ್ಲಿದೆ. ಆಕಾಶವಾಣಿ ಸರ್ಕಾರಿ ಹಣದ ಸಾರ್ವಜನಿಕ ಪ್ರಸಾರ ಸಂಸ್ಥೆ. ನಗರಗಳ ಖಾಸಗಿ ಎಫ್.ಎಂ. ವಾಹಿನಿಗಳು ಜಾಹೀರಾತಿನಿಂದ ಬದುಕುವ ಉದ್ಯಮಗಳು. ಸಮುದಾಯ ಬಾನುಲಿ ಇವೆರಡಕ್ಕಿಂತ ಭಿನ್ನವಾದ ಮೂರನೆಯ ಬಗೆ.

ಆಕಾಶವಾಣಿ ಹಾಕಿದ ಅಡಿಪಾಯ

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆ ಅದನ್ನು ತನ್ನದಾಗಿಸಿಕೊಂಡಿತು. ಧಾರವಾಡದ ನಿಲಯ 1950ರಲ್ಲಿ ಶುರುವಾಯಿತು. ಬಿತ್ತನೆ, ಗೊಬ್ಬರ, ಹವಾಮಾನ, ಪೇಟೆ ಧಾರಣೆಗಳು ಸಂಜೆಯ ಕೃಷಿರಂಗದಂಥ ಕಾರ್ಯಕ್ರಮಗಳ ಮೂಲಕ ಓದು ಬಾರದ ರೈತನಿಗೂ ತಲುಪಿದವು.

ಗ್ರಾಮೀಣ ಬಾನುಲಿಯ ಚರಿತ್ರೆಯಲ್ಲಿ 1956ರ ಪುಣೆಯ ಪ್ರಯೋಗಕ್ಕೆ ವಿಶೇಷ ಸ್ಥಾನವಿದೆ. ಕೆನಡಾದ ರೈತರಲ್ಲಿ ಯಶಸ್ವಿಯಾಗಿದ್ದ ‘ಕೇಳಿ, ಚರ್ಚಿಸಿ, ಕಾರ್ಯಕ್ಕಿಳಿಯಿರಿ’ ಎಂಬ ಕ್ರಮವನ್ನು ಯುನೆಸ್ಕೊ ನೆರವಿನಿಂದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಪರೀಕ್ಷಿಸಲಾಯಿತು. ಪ್ರತಿ ಹಳ್ಳಿಯಲ್ಲೂ ಒಂದು ಗುಂಪು ವಾರಕ್ಕೆ ಎರಡು ಸಂಜೆ ಒಟ್ಟಿಗೆ ಕೂತು ಮರಾಠಿ ಕಾರ್ಯಕ್ರಮ ಕೇಳಿ, ಅದನ್ನು ಚರ್ಚಿಸಿ, ಎದ್ದ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳುಹಿಸುತ್ತಿತ್ತು. ಮುಂದಿನ ಕಾರ್ಯಕ್ರಮಗಳಲ್ಲಿ ಉತ್ತರ ಬರುತ್ತಿತ್ತು. ಸುಮ್ಮನೆ ರೇಡಿಯೊ ಕೇಳಿದ ಊರುಗಳಿಗಿಂತ ಕೂತು ಚರ್ಚಿಸಿದ ಊರುಗಳ ಜನರ ತಿಳಿವಳಿಕೆ ಹೆಚ್ಚು ಬೆಳೆದಿತ್ತು. 1959ರಲ್ಲಿ ಯೋಜನೆ ದೇಶಕ್ಕೆಲ್ಲ ವಿಸ್ತರಿಸಿತಾದರೂ ಆ ಎರಡು ಕಡೆಯ ಮಾತುಕತೆ ಹೆಚ್ಚು ಕಾಲ ಉಳಿಯಲಿಲ್ಲ. ಹಸಿರು ಕ್ರಾಂತಿಯ ವರ್ಷಗಳಲ್ಲಿ ಬಾನುಲಿ ಮತ್ತೆ ಉಪದೇಶಕನ ಪಾತ್ರಕ್ಕೆ ಮರಳಿತು. ಆ ಪಾತ್ರವನ್ನು ಅದು ಸಮರ್ಥವಾಗಿಯೇ ನಿರ್ವಹಿಸಿತು: ತಂಜಾವೂರಿನ ರೈತರು ಎಡಿಟಿ-27 ಎಂಬ ಹೊಸ ತಳಿಯನ್ನು ‘ರೇಡಿಯೊ ಭತ್ತ’ ಎಂದೇ ಕರೆದರು.

ಅಲೆ ಎಷ್ಟು ದೂರ ಸಾಗುತ್ತದೆ?

ಮಧ್ಯಮ ತರಂಗದ ಅಲೆಗಳು ನೆಲವನ್ನು ಅನುಸರಿಸಿ ಬಹುದೂರ ಸಾಗುತ್ತವೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನ ಪ್ರೇಷಕದ ಸಾಮರ್ಥ್ಯ 200 ಕಿಲೋವ್ಯಾಟ್, ಅಂದರೆ ಎರಡು ಲಕ್ಷ ವ್ಯಾಟ್. ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಅನುಮತಿ ಇರುವುದು 100 ವ್ಯಾಟ್‌ಗೆ. ಆಂಟೆನಾದ ಎತ್ತರ ನೆಲದಿಂದ 30 ಮೀಟರ್ ಮೀರುವಂತಿಲ್ಲ. ಅದು ಬಳಸುವ ಎಫ್.ಎಂ. ಅಲೆಗಳು ಬಹುಮಟ್ಟಿಗೆ ನೇರ ರೇಖೆಯಲ್ಲಿ ಚಲಿಸುತ್ತವೆ. ಬಯಲು ಸೀಮೆಯಲ್ಲಿ 10ರಿಂದ 15 ಕಿಲೋಮೀಟರ್ ವ್ಯಾಪ್ತಿ ಸಿಗುತ್ತದೆ. ಮಲೆನಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೂ ದನಿ ಕುಂದುತ್ತದೆ.

ಎಫ್.ಎಂ.ನಲ್ಲಿ ಧ್ವನಿಯ ಏರಿಳಿತಕ್ಕೆ ತಕ್ಕಂತೆ ಬದಲಾಗುವುದು ಅಲೆಯ ಆವರ್ತನವೇ ಹೊರತು ಅದರ ಎತ್ತರವಲ್ಲ. ಸಿಡಿಲು, ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಂತಾದವು ಉಂಟುಮಾಡುವ ಅಡಚಣೆ ಮುಖ್ಯವಾಗಿ ಅಲೆಯ ಎತ್ತರವನ್ನು ಕೆಡಿಸುತ್ತದೆ. ಗ್ರಾಹಕ ಯಂತ್ರವು ಎತ್ತರದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದ ಕಾರಣ ಮಾತು ಗರಗರವಿಲ್ಲದೆ ಕೇಳಿಸುತ್ತದೆ. ಎಫ್.ಎಂ. ಇರುವ ಮೊಬೈಲಿಗೆ ಇಂಟರ್ನೆಟ್ ಬೇಡ, ಇಯರ್‌ಫೋನಿನ ತಂತಿಯೇ ಆಂಟೆನಾ.

ಈ ಕಿರಿದಾದ ವ್ಯಾಪ್ತಿಯನ್ನು ಕೊರತೆ ಎಂದು ತಿಳಿಯಬೇಕಾಗಿಲ್ಲ. ಹತ್ತು ಹದಿನೈದು ಕಿಲೋಮೀಟರ್ ಎಂದರೆ ಜನ ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಓಡಾಡುವ ದೂರ. ಅಷ್ಟರೊಳಗೆ ಮಳೆ ಬಿದ್ದ ದಿನ, ಬೆಳೆಗೆ ತಗುಲಿದ ರೋಗ, ಮಾತಿನ ಧಾಟಿ ಎಲ್ಲವೂ ಹೆಚ್ಚು ಕಡಿಮೆ ಒಂದೇ. ಇಡೀ ರಾಜ್ಯಕ್ಕೆ ಮಾತಾಡುವ ನಿಲಯಕ್ಕೆ ಅಷ್ಟು ನಿರ್ದಿಷ್ಟವಾಗಿ ಮಾತಾಡಲು ಸಾಧ್ಯವೇ ಇಲ್ಲ.

ಬೂದಿಕೋಟೆಯ ‘ನಮ್ಮ ಧ್ವನಿ’

ಹಳ್ಳಿಯವರು ನಿಲಯ ನಡೆಸಬಹುದೇ ಎಂಬ ಪ್ರಶ್ನೆಗೆ ಬಾಗಿಲು ತೆರೆದದ್ದು ಒಂದು ಕ್ರಿಕೆಟ್ ವ್ಯಾಜ್ಯ ಎಂಬುದು ಕುತೂಹಲದ ಸಂಗತಿ. ಪಂದ್ಯಗಳ ಪ್ರಸಾರದ ಹಕ್ಕಿನ ಬಗ್ಗೆ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ, ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪಿತ್ತಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಸಭೆಯೊಂದು ಈ ತೀರ್ಪಿನ ಬೆಳಕಿನಲ್ಲಿ ಸಮುದಾಯಗಳಿಗೂ ಪರವಾನಗಿ ಬೇಕೆಂಬ ಘೋಷಣೆ ಹೊರಡಿಸಿತು. ಸರ್ಕಾರ ಮಾತ್ರ ಆತುರ ತೋರಲಿಲ್ಲ.

ಹೈದರಾಲಿಯ ಹುಟ್ಟೂರೆಂದು ಹೆಸರಾದ ಕೋಲಾರ ಜಿಲ್ಲೆಯ ಬೂದಿಕೋಟೆ ಪರವಾನಗಿಗಾಗಿ ಕಾಯುತ್ತ ಕೂರಲಿಲ್ಲ. ಮೈರಾಡ ಮತ್ತು ವಾಯ್ಸಸ್ ಎಂಬ ಸ್ವಯಂಸೇವಾ ಸಂಸ್ಥೆಗಳು ಯುನೆಸ್ಕೊ ಬೆಂಬಲದೊಂದಿಗೆ 2001ರಲ್ಲಿ ಇಲ್ಲಿ ‘ನಮ್ಮ ಧ್ವನಿ’ ಕೇಂದ್ರ ತೆರೆದವು. ಮಹಿಳಾ ಸ್ವಸಹಾಯ ಸಂಘಗಳು ಇದರ ಬೆನ್ನೆಲುಬಾದವು. ಗಾಳಿಯಲ್ಲಿ ಪ್ರಸಾರ ಮಾಡುವುದು ಅಪರಾಧವಾಗಿದ್ದರಿಂದ, ಊರಿನ ಯುವಕ ಯುವತಿಯರು ಸಿದ್ಧಪಡಿಸಿದ ಧ್ವನಿಮುದ್ರಣಗಳನ್ನು ಧ್ವನಿವರ್ಧಕದ ಮೂಲಕ ಕೇಳಿಸಲಾಯಿತು. ಬಳಿಕ ಮನೆಗಳಿಗೆ ಟಿ.ವಿ. ತರುವ ಕೇಬಲ್ ತಂತಿಯಲ್ಲೇ ಧ್ವನಿಯನ್ನೂ ಹರಿಸಲಾಯಿತು. ಕಾನೂನು ನಿಷೇಧಿಸಿದ್ದು ಅಲೆಯನ್ನು, ತಂತಿಯನ್ನಲ್ಲ.

2002ರ ನೀತಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಅವಕಾಶ ನೀಡಿತ್ತು. 2006ರ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಅದನ್ನು ವಿಸ್ತರಿಸಿತು. 2008ರಲ್ಲಿ ಆಗಿನ ಆಂಧ್ರಪ್ರದೇಶದ ಮೇದಕ್ ಜಿಲ್ಲೆಯಲ್ಲಿ ದಲಿತ ಮಹಿಳೆಯರೇ ನಡೆಸುವ ‘ಸಂಘಂ ರೇಡಿಯೊ’ ಆರಂಭವಾಯಿತು. ಕರ್ನಾಟಕದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬಾನುಲಿ, ಸರಗೂರಿನ ‘ಜನಧ್ವನಿ’ ಮೊದಲಾದ ನಿಲಯಗಳು ಹುಟ್ಟಿದವು.

ಏನು ಪ್ರಸಾರವಾಗುತ್ತದೆ?

ನಿಯಮದ ಪ್ರಕಾರ ಕನಿಷ್ಠ ಅರ್ಧದಷ್ಟು ಕಾರ್ಯಕ್ರಮಗಳು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕು. ರಾಗಿ, ತೊಗರಿಯ ಕೀಟಬಾಧೆ, ಬಾಣಂತಿಯ ಆರೈಕೆ, ಸಂಘದ ಸಾಲದ ಲೆಕ್ಕ, ಸೋಬಾನೆ ಪದ, ನಾಟಿ ಔಷಧ ಇವೆಲ್ಲ ವಿಷಯಗಳಾಗುತ್ತವೆ. ಧ್ವನಿಮುದ್ರಣ ಯಂತ್ರ ಹಿಡಿದು ಹೊಲಕ್ಕೆ ಹೋದವರು ಪಕ್ಕದ ಊರಿನವರೇ ಆದರೆ ರೈತನ ಮಾತು ಸಂಕೋಚವಿಲ್ಲದೆ ಬರುತ್ತದೆ. ತಜ್ಞರ ಭಾಷಣಕ್ಕಿಂತ, ಬೆಳೆ ಕಳೆದುಕೊಂಡ ಒಬ್ಬರು ಮತ್ತೊಬ್ಬರಿಗೆ ಹೇಳುವ ವಿವರವೇ ಎಷ್ಟೋ ಬಾರಿ ಹೆಚ್ಚು ಉಪಯುಕ್ತ.

ಕಟ್ಟುಪಾಡು ಮತ್ತು ಹಣಕಾಸು

ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ, ವ್ಯಾಪಾರಿ ಕಂಪನಿಗಳಿಗೆ ಪರವಾನಗಿ ಸಿಗುವುದಿಲ್ಲ. ಇದು ಸರಿಯಾದ ಎಚ್ಚರ. ಆದರೆ ನಿಲಯಗಳು ಸ್ವಂತವಾಗಿ ಸುದ್ದಿ ಪ್ರಸಾರ ಮಾಡುವಂತಿಲ್ಲ ಎಂಬ ನಿರ್ಬಂಧ ಒಪ್ಪಲು ಕಷ್ಟ: ಅದೇ ಊರಿನ ಗ್ರಾಮ ಪಂಚಾಯಿತಿ ಚುನಾವಣೆಯ ಸುದ್ದಿಯನ್ನು ಪತ್ರಿಕೆ ಬರೆಯಬಹುದು, ಊರಿನ ರೇಡಿಯೊ ಹೇಳಬಾರದು.

ಹಣದ ಪ್ರಶ್ನೆ ಇನ್ನೂ ಬಿಗಿಯಾದದ್ದು. ಮೊದಲು ಗಂಟೆಗೆ 5 ನಿಮಿಷಕ್ಕೆ ಸೀಮಿತವಾಗಿದ್ದ ಜಾಹೀರಾತಿನ ಅವಧಿಯನ್ನು 2024ರ ಮಾರ್ಗಸೂಚಿ 12 ನಿಮಿಷಕ್ಕೆ ಏರಿಸಿದೆ. ಅಷ್ಟು ಹೊತ್ತು ತುಂಬುವಷ್ಟು ಜಾಹೀರಾತು ಹೋಬಳಿಯ ರಸಗೊಬ್ಬರದ ಅಂಗಡಿ, ಬಟ್ಟೆ ಅಂಗಡಿಗಳಿಂದ ದೊರೆಯುವುದು ಅಪರೂಪ. ಹೀಗಾಗಿ ಹಲವು ನಿಲಯಗಳು ಸರ್ಕಾರಿ ಜಾಹೀರಾತು ಮತ್ತು ದಾನಿ ಸಂಸ್ಥೆಗಳ ಯೋಜನೆಗಳನ್ನೇ ನೆಚ್ಚಿವೆ. ಯೋಜನೆಯ ಅವಧಿ ಮುಗಿದಾಗ ತರಬೇತಿ ಪಡೆದ ಹುಡುಗ ಹುಡುಗಿಯರು ಬೇರೆ ಕೆಲಸ ಹುಡುಕಿಕೊಂಡು ಪೇಟೆಗೆ ಹೋಗುತ್ತಾರೆ. ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ನಡೆಸುವವರಿಲ್ಲದೆ ನಿಲಯದ ಪ್ರಸಾರದ ಗಂಟೆಗಳು ಕಡಿಮೆಯಾಗುತ್ತವೆ.